ಎರಡೂ ಕೈ ಗುಂಡಿ ಮೇಲೆ

ರೇಡಿಯೊಗೆ ಎಡಗೈಯ ಎರಡು ಬೆರಳು ಹೋದದ್ದು ಒಂದು ಬುಧವಾರ, ಊಟದ ಗಂಟೆ ಹೊಡೆಯಲು ಇನ್ನು ಹತ್ತು ನಿಮಿಷವಿದ್ದಾಗ. ಅವಳ ನಿಜವಾದ ಹೆಸರು ಆ ತಗಡಿನ ಕಾರ್ಖಾನೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಬೆಳಗ್ಗೆ ಗೇಟಿನೊಳಗೆ ಕಾಲಿಟ್ಟಾಗ ಶುರುವಾದ ಮಾತು ಸಂಜೆ ಹೊರಗೆ ಹೋಗುವವರೆಗೂ ನಿಲ್ಲುತ್ತಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ರೇಡಿಯೊ. ಪ್ರೆಸ್ಸುಗಳ ಸದ್ದಿನಲ್ಲಿ ಆ ಮಾತು ಒಬ್ಬರಿಗೂ ಕೇಳಿಸುತ್ತಿರಲಿಲ್ಲ, ಅದು ಬೇರೆ ವಿಷಯ.

ಆಗ ಅವಳಿಗೆ ಇಪ್ಪತ್ನಾಲ್ಕು. ಡಬ್ಬಿಗಳ ಮುಚ್ಚಳ ಒತ್ತುವ ಪ್ರೆಸ್ಸಿನ ಮುಂದೆ ಕೂರುವುದು ಕೆಲಸ. ತಗಡಿನ ತುಂಡನ್ನು ಅಚ್ಚಿನ ಕೆಳಗಿಡಬೇಕು, ಗುಂಡಿ ಒತ್ತಬೇಕು, ಮೇಲಿನಿಂದ ಕಬ್ಬಿಣದ ದಿಮ್ಮಿ ಧಡ್ ಎಂದು ಇಳಿಯುತ್ತದೆ, ಮುಚ್ಚಳ ಆಗುತ್ತದೆ. ಯಂತ್ರ ಮಾಡಿದವರು ಬುದ್ಧಿವಂತರು. ಅದಕ್ಕೆ ಎರಡು ಗುಂಡಿ ಇಟ್ಟಿದ್ದರು, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ದಿಮ್ಮಿ ಇಳಿಯುತ್ತದೆ. ಎರಡೂ ಕೈ ಗುಂಡಿ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರುವ ಮಾತೇ ಇಲ್ಲ.

ಪಾಳಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಗೆ ಅದು ನಿಧಾನ ಎನಿಸಿತು. ಒಂದು ದಿನ ಎಡಗಡೆಯ ಗುಂಡಿಯ ಪೆಟ್ಟಿಗೆ ಬಿಚ್ಚಿ, ಒಳಗೆ ಒಂದು ತುಂಡು ತಂತಿ ಸುತ್ತಿ, ಆ ಗುಂಡಿ ಸದಾ ಒತ್ತಿದಂತೆಯೇ ಇರುವ ಹಾಗೆ ಮಾಡಿಟ್ಟ. ಇನ್ನು ಎಡಗೈಯಲ್ಲಿ ತಗಡು ಇಡಬಹುದು, ಬಲಗೈಯಲ್ಲಿ ಗುಂಡಿ ಒತ್ತಬಹುದು. ಪಾಳಿಗೆ ನಾನೂರು ಮುಚ್ಚಳ ಹೆಚ್ಚು ಬಂದವು. ಎಲ್ಲರಿಗೂ ಗೊತ್ತಿತ್ತು, ರೇಡಿಯೊಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ.

ಆ ಬುಧವಾರ ತಗಡು ಸ್ವಲ್ಪ ಓರೆಯಾಯಿತು. ಎಡಗೈ ಅದನ್ನು ಸರಿಮಾಡಲು ಹೋಯಿತು. ಬಲಗೈ ಅಭ್ಯಾಸದಂತೆ ಗುಂಡಿ ಒತ್ತಿತು. ಮೊದಲಿಗೆ ನೋವೇ ಆಗಲಿಲ್ಲ. ದಿಮ್ಮಿ ಮೇಲೆದ್ದಾಗ ಅಚ್ಚಿನಲ್ಲಿ ಒಂದು ಕೆಂಪು ಮುಚ್ಚಳವಿತ್ತು, ಅದರೊಳಗೆ ಅವಳ ತೋರುಬೆರಳೂ ನಡುಬೆರಳೂ ಇದ್ದವು. ಅವಳು ಕಿರುಚಿದ್ದು ಆ ಸದ್ದಿನಲ್ಲೂ ಕೇಳಿಸಿತಂತೆ.

ಮೇಸ್ತ್ರಿ ಓಡಿ ಬಂದ. ಬಂದವನು ಅವಳ ಹತ್ತಿರ ಬರಲಿಲ್ಲ. ಪ್ರೆಸ್ಸಿನ ಎಡಗಡೆ ಮಂಡಿಯೂರಿ ಕೂತ, ಪೆಟ್ಟಿಗೆ ಬಿಚ್ಚಿದ, ಇಕ್ಕಳದಿಂದ ತಂತಿ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ, ಪೆಟ್ಟಿಗೆ ಮುಚ್ಚಿದ. ಆಮೇಲೆ ಎದ್ದು ನಿಂತು, "ಅಯ್ಯೋ, ಯಾರಾದ್ರೂ ಗಾಡಿ ತನ್ರೋ!" ಎಂದು ಕೂಗಿದ. ನೆಲದಲ್ಲಿ ಬಿದ್ದಿದ್ದ ರೇಡಿಯೊ ಎಲ್ಲವನ್ನೂ ನೋಡಿದಳು. ರಕ್ತ ಸುರಿಯುತ್ತಿದ್ದರೂ ಕಣ್ಣು ಮಾತ್ರ ನಿಚ್ಚಳವಾಗಿತ್ತು.

ಎರಡು ತಿಂಗಳ ಮೇಲೆ ವಿಚಾರಣೆ ನಡೆಯಿತು. ಕಾರ್ಖಾನೆಯ ಒಳಗೇ ಒಂದು ಮೇಜು, ಅದರ ಹಿಂದೆ ಒಬ್ಬ ಅಧಿಕಾರಿ.

"ಅವಳಿಗೆ ಬಾಯಿ ಜಾಸ್ತಿ ಸಾರ್," ಎಂದ ಮೇಸ್ತ್ರಿ. "ಅಕ್ಕಪಕ್ಕದವರ ಜೊತೆ ಮಾತಾಡ್ತಾ ಮಾತಾಡ್ತಾ ಎಡಗಡೆ ಗುಂಡೀನ ಮೊಣಕೈಲಿ ಒತ್ತಿಬಿಟ್ಟಿದ್ದಾಳೆ. ಮಿಷನ್ನಲ್ಲಿ ಎರಡೂ ಗುಂಡಿ ಸರಿಯಾಗಿವೆ, ನೀವೇ ಒತ್ತಿ ನೋಡಿ."

ಅಧಿಕಾರಿ ಒತ್ತಿ ನೋಡಿದ. ಎರಡೂ ಸರಿಯಾಗಿದ್ದವು. ಒಳಗೆ ತಂತಿ ಸುತ್ತಿತ್ತು ಎಂದು ರೇಡಿಯೊ ಹೇಳಿದಾಗ, ಜೊತೆಯಲ್ಲಿ ಏಳು ವರ್ಷ ಕೂತು ಉಂಡವರೆಲ್ಲ ನೆಲ ನೋಡುತ್ತಾ ನಿಂತರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದ. ಆ ಪೆನ್ನು ಕಾಗದದ ಮೇಲೆ ಹರಿಯುವುದನ್ನು ನೋಡುತ್ತಾ ನಿಂತಿದ್ದ ರೇಡಿಯೊ ಅಲ್ಲಿಂದ ಹೊರಟು, ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಬಲಗೈಯಲ್ಲಿ ತೆಗೆದುಕೊಂಡಳು. ನೀರು ಕುಡಿಯಲು ಹೊರಟವಳಂತೆ ನಿಧಾನವಾಗಿ ವಾಪಸ್ಸು ಬಂದಳು. ಮೊದಲನೇ ಏಟಿಗೆ ಮೇಸ್ತ್ರಿ ಬೀಳಲಿಲ್ಲ. ಎರಡನೆಯದು ಎಡಗಣ್ಣಿಗೆ ಬಿತ್ತು. ಮೂರನೆಯದನ್ನು ಅವನು ನೆಲದ ಮೇಲಿದ್ದಾಗ ಹೊಡೆದಳು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಐದು ಜನ ಸೇರಿ ಅವಳನ್ನು ಕೆಡವಿದರು.

ಜೈಲು ನಾಲ್ಕು ವರ್ಷ. ಅಲ್ಲಿ ಮಾತು ನಿಂತಿತು. ಮೊದಲ ವಾರದಲ್ಲೇ ಒಬ್ಬಳು ಅವಳ ಮೋಟು ಬೆರಳುಗಳನ್ನು ಹಿಡಿದು ತಿರುಚಿ ನಕ್ಕಳು. ರೇಡಿಯೊ ಅವಳ ಮುಂದಿನ ಹಲ್ಲು ಉದುರಿಸಿದಳು. ಆಮೇಲೆ ಯಾರೂ ತಂಟೆಗೆ ಬರಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಹೊಲಿಗೆ ಕೋಣೆಯ ಯಂತ್ರಗಳು ವಾರಕ್ಕೊಂದು ಕೆಡುತ್ತಿದ್ದವು. ಅವುಗಳ ಹೊಟ್ಟೆ ಬಿಚ್ಚಿ ಸರಿಮಾಡುವುದು ಅವಳ ಪಾಲಿಗೆ ಬಂತು. ಎಂಟು ಬೆರಳಿಗೆ ಹತ್ತು ಬೆರಳಿನ ಕೆಲಸ ಕಲಿಸಿದ್ದು ಆ ಯಂತ್ರಗಳೇ.

ಬಿಡುಗಡೆಯಾಗಿ ಬಂದಾಗ ಅಮ್ಮ ಇರಲಿಲ್ಲ. ಅಣ್ಣ ಹಜಾರದಲ್ಲಿ ಚಾಪೆ ಹಾಸಿಕೊಟ್ಟ. ಮೂರನೇ ದಿನ ತರಕಾರಿ ಹೆಚ್ಚಲು ಹೋದರೆ ಚಾಕು ಸಿಗಲಿಲ್ಲ. ಅತ್ತಿಗೆ ಅದನ್ನು ಹಿಟ್ಟಿನ ಡಬ್ಬಿಯೊಳಗೆ ಹುಗಿದಿಟ್ಟಿದ್ದಳು. ರೇಡಿಯೊ ಚಾಪೆ ಸುತ್ತಿಟ್ಟು, ಬಟ್ಟೆಯ ಗಂಟು ಹಿಡಿದು ಹೊರಟುಬಿಟ್ಟಳು. ಅದಾದ ಮೇಲೆ ಸಿಕ್ಕಿದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ ಕಸ ಗುಡಿಸುವ, ಪಾಯಿಖಾನೆ ತೊಳೆಯುವ ಕೆಲಸ.

ಶಾಲೆಯ ಮುಖ್ಯಸ್ಥೆಯನ್ನು ಮಕ್ಕಳು ದೊಡ್ಡ ಟೀಚರ್ ಎನ್ನುತ್ತಿದ್ದರು. ಆಳು ನೋಡಿದರೆ ಐದಡಿಯೂ ಇರಲಿಲ್ಲ. ಜೈಲಿನ ವಿಷಯ ತಿಳಿದೇ ಅವರು ರೇಡಿಯೊವನ್ನು ಇಟ್ಟುಕೊಂಡಿದ್ದರು. ಅವರ ಕೋಣೆಯ ಬೀರುವಿನಲ್ಲಿ ಎರಡು ವರ್ಷದಿಂದ ಮೂರು ಪೆಟ್ಟಿಗೆ ಬೀಗದೊಳಗಿದ್ದವು. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ಮೇಲಿನ ಕಚೇರಿಯಿಂದ ಬಂದವು: ಪುಟ್ಟ ಮೋಟಾರು, ಬ್ಯಾಟರಿ, ತಂತಿ, ಗುಂಡಿ, ಸಣ್ಣ ಬಲ್ಬು, ಗರಗಸ, ಸುತ್ತಿಗೆ, ನಾಲ್ಕು ಟ್ಯಾಬು. ಹಾಳಾದರೆ ಯಾರು ಜವಾಬು ಹೇಳಬೇಕು ಎಂದು ಯಾವ ಟೀಚರೂ ಮುಟ್ಟಿರಲಿಲ್ಲ. ಧೂಳು ಒರೆಸಲು ಹೇಳಿದ ದಿನ ರೇಡಿಯೊ ಪೆಟ್ಟಿಗೆ ತೆರೆದಳು. ದೊಡ್ಡ ಟೀಚರ್ ಬಂದು ನೋಡಿದಾಗ ಮೇಜಿನ ಮೇಲೆ ಒಂದು ಮೋಟಾರು ಗಿರಗಿರ ತಿರುಗುತ್ತಿತ್ತು, ರೇಡಿಯೊ ಅದರ ಮುಂದೆ ಪೊರಕೆ ಹಿಡಿದೇ ಕೂತಿದ್ದಳು.

"ಇದನ್ನ ಮಕ್ಕಳಿಗೆ ಹೇಳಿಕೊಡ್ತೀಯೇನಮ್ಮ?"

"ನಾನು ಕಸ ಗುಡಿಸೋಳು ಮೇಡಂ."

"ಅದನ್ನೂ ಮಾಡು. ಇದನ್ನೂ ಮಾಡು."

ಹೀಗೆ ನಾಲ್ಕನೇ ತರಗತಿಯ ಮಕ್ಕಳಿಗೆ ಅವಳು ಎಂಟು ಬೆರಳಿನ ಟೀಚರ್ ಆದಳು. ಆ ಬೀದಿಯ ಮಕ್ಕಳು ಹೊಡೆದಾಟ ನೋಡಿಯೇ ಬೆಳೆದವರು, ಮಾತಿಗೆ ಮುಂಚೆ ಕೈ ಓಡಿಸುವವರು. ಮೊದಲ ವಾರವೇ ಒಬ್ಬಳು ತನ್ನ ಬ್ಯಾಟರಿ ಕಿತ್ತುಕೊಂಡವಳ ಅಂಗೈಗೆ ಸ್ಕ್ರೂಡ್ರೈವರ್ ಚುಚ್ಚಿದಳು. ರೇಡಿಯೊ ಒಂದೇ ಹೆಜ್ಜೆಗೆ ಹಾರಿ ಬಂದು, ಚುಚ್ಚಿದವಳ ಕೆನ್ನೆಗೆ ಬಾರಿಸಿದಳು. ಮಗು ಬೆಂಚಿಗೆ ತಾಗಿ ಬಿತ್ತು, ತುಟಿ ಒಡೆಯಿತು. ರೇಡಿಯೊಗೆ ಭಯವಾದದ್ದು ರಕ್ತ ಕಂಡು ಅಲ್ಲ. ಹೊಡೆದ ಕೈಗೆ ಹಾಯೆನಿಸಿತ್ತು, ಇನ್ನೊಂದು ಬಾರಿಸು ಎನ್ನುತ್ತಿತ್ತು, ಅದಕ್ಕೆ.

"ಇನ್ನೊಂದು ಸಲ ಮಕ್ಕಳ ಮೇಲೆ ಕೈ ಎತ್ತಿದ್ರೆ ಈ ಪಾಠದ ಕೋಣೆಗೆ ಬೀಗ," ಎಂದರು ದೊಡ್ಡ ಟೀಚರ್. "ನಿನಗೂ, ನನಗೂ."

ಅಂದಿನಿಂದ ಅವಳು ಕಾರ್ಖಾನೆಯ ಒಂದು ಪದ್ಧತಿ ತಂದಳು. ಹೊಸ ಅಚ್ಚು ಹಾಕಿ ಮೊದಲ ಏಟು ಬಿಡುವ ಮುಂಚೆ ಅಲ್ಲಿ "ಕೈ!" ಎಂದು ಕೂಗುತ್ತಿದ್ದರು; ಸುತ್ತ ಇದ್ದವರೆಲ್ಲ ಹಿಡಿದದ್ದು ಬಿಟ್ಟು ಎರಡೂ ಕೈ ತಲೆಯ ಮೇಲೆತ್ತಬೇಕು. ತರಗತಿಯಲ್ಲಿ ಜಗಳ ಹತ್ತಿದರೂ, ಗರಗಸ ಜಾರಿದರೂ, ಹೊಗೆ ಬಂದರೂ ಅದೇ ಕೂಗು. ಒಂದು ತಿಂಗಳಲ್ಲಿ ಮಕ್ಕಳಿಗೆ ಅದು ಎಷ್ಟು ರೂಢಿಯಾಯಿತೆಂದರೆ ಊಟದ ಸಾಲಿನಲ್ಲಿ ಯಾರೋ ತಮಾಷೆಗೆ ಕೂಗಿ ಆರು ತಟ್ಟೆ ನೆಲಕ್ಕೆ ಬಿದ್ದವು. ಅಪ್ಪ ಅಮ್ಮಂದಿರು ಮಾತ್ರ ಒಪ್ಪಿರಲಿಲ್ಲ. ಜೈಲಿಗೆ ಹೋಗಿ ಬಂದವಳ ಕೈಗೆ ಮಕ್ಕಳನ್ನೂ ಗರಗಸವನ್ನೂ ಒಟ್ಟಿಗೆ ಕೊಟ್ಟಿದ್ದೀರಿ ಎಂದು ಬಂದು ಕೂಗಾಡಿದರು. ಒಬ್ಬಳು ಅವಳ ಮುಖಕ್ಕೆ ಉಗುಳಿದಳು. ರೇಡಿಯೊ ಸೆರಗಿನಿಂದ ಒರೆಸಿಕೊಂಡಳು. ಹಾಗೆ ನಾಲ್ಕು ವರ್ಷ ಕಳೆಯಿತು.

ಐದನೇ ವರ್ಷ ಗುಂಗುರು ಬಂದಳು. ಒಂಬತ್ತು ವರ್ಷದ ಹುಡುಗಿ. ತಲೆತುಂಬ ಗುಂಗುರು ಕೂದಲು, ಬಾಯಿತುಂಬ ಪ್ರಶ್ನೆ. ಬೇರೆ ಮಕ್ಕಳು ಬಲ್ಬು ಉರಿದರೆ ಚಪ್ಪಾಳೆ ತಟ್ಟುತ್ತಿದ್ದರು, ಇವಳು ಅದನ್ನು ಆರಿಸುವುದಕ್ಕೆ ಎಷ್ಟು ದಾರಿ ಇದೆ ಎಂದು ಹುಡುಕುತ್ತಿದ್ದಳು. ಬರುಬರುತ್ತಾ ರೇಡಿಯೊಗೆ ಅವಳ ಜೊತೆ ಮಾತು ಮರಳತೊಡಗಿತು. ಬಿಚ್ಚಿದ ಮೋಟಾರಿನ ಮುಂದೆ ಇಬ್ಬರೂ ಕೂತರೆ ಗಂಟೆ ಹೊಡೆದದ್ದು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆ ಬಿಟ್ಟಾಗ ರೇಡಿಯೊ ಕಿಟಕಿಯ ಗಾಜು ಒರೆಸುತ್ತಿದ್ದಳು. ಗೇಟಿನಾಚೆ ಮುದುಕನೊಬ್ಬ ನಿಂತಿದ್ದ. ಗುಂಗುರು "ತಾತಾ!" ಎಂದು ಓಡಿದಳು. ಅವನು ಅವಳ ಚೀಲ ಈಸಿಕೊಂಡು ಹೆಗಲಿಗೆ ಹಾಕಿಕೊಳ್ಳಲು ತಿರುಗಿದಾಗ ಎಡಗಣ್ಣಿದ್ದ ಜಾಗದ ಹಳ್ಳ ಕಾಣಿಸಿತು.  ಮೇಸ್ತ್ರಿ ರೇಡಿಯೊವನ್ನು ನೋಡಲಿಲ್ಲ. ಅವನು ಮೊಮ್ಮಗಳ ಕೈ ಹಿಡಿದು, ಅವಳ ಮಾತಿಗೆ ತಲೆದೂಗುತ್ತಾ ಹೋದ. ಒರೆಸುವ ಬಟ್ಟೆ ರೇಡಿಯೊಳ ಮುಷ್ಟಿಯಲ್ಲೇ ಹಿಂಡಿಹೋಗಿ ನೀರು ಮೊಣಕೈವರೆಗೂ ಇಳಿದಿತ್ತು.

ಮುಂದಿನ ವಾರ ಅವಳು ಹೊಸ ಪಾಠ ಶುರುಮಾಡಿದಳು.

ಮರದ ಚೌಕಟ್ಟು, ಮೋಟಾರು, ದಾರ, ಕೆಳಗೆ ಇಳಿಯುವ ಒಂದು ಮರದ ತುಂಡು: ಮಕ್ಕಳು ನಾಲ್ಕು ದಿನ ಕೂತು, ಗುಂಡಿಗೂ ಅಚ್ಚಿಗೂ ನಡುವಿನ ದೂರ ತಮ್ಮ ತೋಳಿನ ಅಳತೆಗೆ ಹೊಂದುವಂತೆ, ಮೊಣಕಾಲೆತ್ತರದ ಪ್ರೆಸ್ಸು ಕಟ್ಟಿದರು. ಎರಡು ಗುಂಡಿ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒತ್ತಿದರೆ ತುಂಡು ಧಡ್ ಎಂದು ಇಳಿಯುತ್ತಿತ್ತು. ಅಚ್ಚಿನ ಜಾಗದಲ್ಲಿ ಜೇಡಿಮಣ್ಣಿನಲ್ಲಿ ಮಾಡಿದ ಬೆರಳುಗಳನ್ನು ಇಟ್ಟರು. ಟ್ಯಾಬಿನಲ್ಲಿ ಚಿತ್ರ ಹಿಡಿದು ನಿಧಾನಕ್ಕೆ ಓಡಿಸಿ ನೋಡಿದರು.

"ಈಗ ಇದಕ್ಕೆ ಮೋಸ ಮಾಡೋದು ಹೇಗೆ ಹೇಳಿ," ಎಂದಳು ರೇಡಿಯೊ.

ಒಬ್ಬಳು ಮೊಣಕೈಯಿಂದ ಎಡಗಡೆಯ ಗುಂಡಿ ಒತ್ತಲು ನೋಡಿದಳು. ಮೊಣಕೈ ಗುಂಡಿಗೆ ಸಿಕ್ಕರೆ ಬೆರಳು ಅಚ್ಚಿನ ತನಕ ಹೋಗದು, ಬೆರಳು ಹೋದರೆ ಮೊಣಕೈ ಸಿಗದು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮಾಡಿ ನೋಡಿ ಆಗಲ್ಲ ಆಗಲ್ಲ ಎಂದರು.  ಹತ್ತು ವರ್ಷದ ಹಿಂದೆ ಒಬ್ಬ ದೊಡ್ಡ ಅಧಿಕಾರಿಗೆ ಹೊಳೆಯದ ಪರೀಕ್ಷೆಯನ್ನು ಇಪ್ಪತ್ತೆಂಟು ಮಕ್ಕಳು ಕಾಲುಗಂಟೆಯಲ್ಲಿ ಮಾಡಿ ಮುಗಿಸಿದ್ದರು.

"ಟೀಚರ್, ಈ ಗುಂಡಿ ಒಳಗೆ ತಂತಿ ಸುತ್ತಿಬಿಟ್ರೆ?" ಎಂದಳು ಗುಂಗುರು.

"ಸುತ್ತಿ ನೋಡು."

ಸುತ್ತಿದಳು. ಬಲಗಡೆಯ ಗುಂಡಿ ಒಂದನ್ನೇ ಒತ್ತಿದಳು. ಮಣ್ಣಿನ ಬೆರಳು ಚಪ್ಪಟೆಯಾಯಿತು. 

"ನಿಮ್ಮ ಬೆರಳು ಹೋಗಿದ್ದು ಹಿಂಗೇನಾ ಟೀಚರ್?"

"ಹೂಂ."

"ತಂತಿ ಸುತ್ತಿದ್ಯಾರು?"

"ನಮ್ಮ ಮೇಸ್ತ್ರಿ."

"ಆಮೇಲೆ ಅವರಿಗೇನಾಯ್ತು?"

ರೇಡಿಯೊ ಮಗುವಿನ ಮುಖವನ್ನೇ ನೋಡಿದಳು. ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು.

"ಒಂದು ಕಣ್ಣು ಹೋಯ್ತು. ಎಡಗಣ್ಣು," ಎಂದಳು.

ಗುಂಗುರು ಚಪ್ಪಟೆಯಾದ ಬೆರಳನ್ನು ಮೆಲ್ಲಗೆ ಕಿತ್ತು ತನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಮೇಸ್ತ್ರಿ ಬಂದ. ಕೈಯಲ್ಲಿ ಪೇಪರು ಸುತ್ತಿದ ಕಬ್ಬಿಣದ ಸರಳು. ಬಾಗಿಲು ಒದ್ದ ರಭಸಕ್ಕೆ ಅದು ಗೋಡೆಗೆ ಬಡಿದು ಗಾರೆ ಉದುರಿತು. ಮಕ್ಕಳ ಕೈಯಲ್ಲಿ ಗರಗಸಗಳಿದ್ದವು, ಸುತ್ತಿಗೆಗಳಿದ್ದವು.

"ಮಗು ಬಾಯಲ್ಲಿ ನನಗೆ ಉಗಿಸ್ತೀಯಾ?" ಎಂದ. ಒಂಟಿ ಕಣ್ಣು ಕೆಂಡವಾಗಿತ್ತು. "ನನ್ನ ಮಗಳ ಮುಂದೆ, ಊಟದ ತಟ್ಟೆ ಮುಂದೆ! ಕಣ್ಣು ಕಿತ್ತಿದ್ದು ಸಾಲದಾಯ್ತಾ ನಿನಗೆ?"

ಮೊದಲ ಏಟಿಗೆ ಮೇಜಿನ ಮೇಲಿನ ಪ್ರೆಸ್ಸು ಮುರಿದು ಹರಡಿತು, ಅದರ ಪಕ್ಕದ ಟ್ಯಾಬಿನ ಗಾಜು ಪುಡಿಯಾಗಿ ಮುಂದಿನ ಸಾಲಿನವರ ಮೇಲೆ ಸಿಡಿಯಿತು. ಎರಡನೆಯದು ರೇಡಿಯೊಳ ಎಡ ಹೆಗಲಿಗೆ. ಒಣ ಕಡ್ಡಿ ಮುರಿದ ಸದ್ದು ಅವಳ ಮೈಯೊಳಗಿನಿಂದಲೇ ಕೇಳಿಸಿತು. ಅವಳು ಗೋಡೆಗೆ ಜಾರಿದಳು. ಮಕ್ಕಳು ಚೀರುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲ ಕಡೆ ನುಗ್ಗಿದರು. ಒಬ್ಬಳ ಕೈಯಲ್ಲಿದ್ದ ಗರಗಸ ಇನ್ನೊಬ್ಬಳ ಕುತ್ತಿಗೆಯ ಹತ್ತಿರ ಮಿಂಚಿದ್ದು ರೇಡಿಯೊಗೆ ಕಂಡಿತು.

"ಕೈ!" ಎಂದು ಕೂಗಿದಳು.

ಇಪ್ಪತ್ತೆಂಟು ಜೊತೆ ಕೈ ಮೇಲೆದ್ದವು. ಗರಗಸ, ಸುತ್ತಿಗೆ, ಇಕ್ಕಳ ಎಲ್ಲ ದಡದಡ ನೆಲಕ್ಕೆ ಬಿದ್ದವು. ಮೂವತ್ತು ವರ್ಷ ಅದೇ ಕೂಗು ಹಾಕಿದವನು ಮೇಸ್ತ್ರಿ; ಅವನ ತೋಳೂ ಅಲ್ಲೇ ನಿಂತಿತು. ಅವನು ತಿರುಗಿ ನೋಡಿದ. ಎರಡನೇ ಸಾಲಿನಲ್ಲಿ ಗುಂಗುರು, ಪೊಲೀಸರ ಮುಂದೆ ನಿಂತವಳಂತೆ ಎರಡೂ ಕೈ ಎತ್ತಿ, ಅವನನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ಗಾಜಿನ ಚೂರು ಗೀರಿದ ಒಂದು ಕೆಂಪು ಗೆರೆ.

ಆ ಒಂದು ಉಸಿರಿನಷ್ಟು ಹೊತ್ತು ರೇಡಿಯೊಗೆ ಸಾಕಾಯಿತು. ಕಾಲ ಬಳಿ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ಅವನ ಮಣಿಕಟ್ಟಿಗೆ ಹೊಡೆದಳು. ಸರಳು ಬಿತ್ತು. ಅವನು ಕೈ ಹಿಡಿದುಕೊಂಡು ಮಂಡಿಯೂರಿದ, ಮುಖ ಮೇಲೆತ್ತಿದ. ಉಳಿದಿದ್ದ ಒಂದು ಕಣ್ಣು ಅವಳ ಮುಂದೆ, ಸುತ್ತಿಗೆಗೆ ಸರಿಯಾದ ಎತ್ತರದಲ್ಲಿತ್ತು. ಅವಳು ಸುತ್ತಿಗೆ ಎತ್ತಿದಳು. ಬೇಕೆನಿಸಿತು, ಬಾಯಾರಿದವರಿಗೆ ನೀರು ಬೇಕೆನಿಸುವಂತೆ. ಅಷ್ಟರಲ್ಲಿ ಎಲ್ಲಿಂದಲೋ ಓಡಿಬಂದ ದೊಡ್ಡ ಟೀಚರ್ ಹಿಂದಿನಿಂದ ಅವಳ ಸೊಂಟಕ್ಕೆ ಜೋತುಬಿದ್ದಿದ್ದರು. ತಾನೇ ನಿಂತೆನೋ, ಅವರು ನಿಲ್ಲಿಸಿದರೋ, ರೇಡಿಯೊಗೆ ಇವತ್ತಿಗೂ ಗೊತ್ತಿಲ್ಲ.

ಪಾಠದ ಚಿತ್ರ ಹಿಡಿಯಲು ಕಿಟಕಿಯ ಹತ್ತಿರ ಮಕ್ಕಳು ನಿಲ್ಲಿಸಿಟ್ಟಿದ್ದ ಇನ್ನೊಂದು ಟ್ಯಾಬು ಎಲ್ಲವನ್ನೂ ಹಿಡಿದಿತ್ತು. ಆಸ್ಪತ್ರೆಗೆ ಬಂದ ಇನ್ಸ್‌ಪೆಕ್ಟರು ಅದನ್ನು ಹಾಸಿಗೆಯ ಪಕ್ಕದಲ್ಲೇ ನಿಧಾನಕ್ಕೆ ಓಡಿಸಿದರು.

"ಇಲ್ಲಿ ನೋಡಮ್ಮ. ಎರಡನೇ ಸಲ ಎತ್ತಿದ್ದೀಯ."

"ಎತ್ತಿದ್ದೆ."

"ಇಳಿಸಿಲ್ಲ."

"ಇಳಿಸಿಲ್ಲ."

ಅವರು ಅದನ್ನೇ ಬರೆದುಕೊಂಡು ಹೋದರು. ಅವಳ ಮೇಲೆ ಕೇಸಾಗಲಿಲ್ಲ.

ಮರುದಿನ ಗುಂಗುರುವಿನ ಅಮ್ಮ ಬಂದಳು. ಮೇಸ್ತ್ರಿಯ ಒಬ್ಬಳೇ ಮಗಳು. ಕೂರು ಎಂದರೂ ಕೂರಲಿಲ್ಲ.

"ಮಿಷನ್ನಿನ ಚೂರು ಸಿಡಿದು ಕಣ್ಣು ಹೋಯ್ತು ಅಂತ ಹೇಳಿದ್ರು ನಮ್ಮಪ್ಪ, ಆಗ ನಾನು ದೂರದ ಗಂಡನ ಮನೇಲಿದ್ದೆ. ಹತ್ತು ವರ್ಷ ಅದನ್ನೇ ನಂಬಿದ್ದೆ," ಎಂದಳು. "ಮೊನ್ನೆ ನನ್ನ ಮಗಳು ಮಣ್ಣಿನ ಬೆರಳು ತಂದು ಅವರ ತಟ್ಟೆ ಪಕ್ಕ ಇಟ್ಟು, 'ತಾತಾ, ತಂತಿ ಸುತ್ತಿದ್ದು ನೀವೇನಾ?' ಅಂದಳು. ಅವರು ತಟ್ಟೆ ಎತ್ತಿ ಗೋಡೆಗೆ ಎಸೆದ್ರು. ನನಗೆ ಉತ್ತರ ಸಿಕ್ತು. ಈಗ ನೀವು ಒಂದು ಹೇಳಿ. ಅವಳು ಯಾರ ಮೊಮ್ಮಗಳು ಅಂತ ಗೊತ್ತಿದ್ದೇ ಆ ಪಾಠ ಮಾಡಿದ್ರಾ?"

ಬಾಗಿಲಲ್ಲಿ ದೊಡ್ಡ ಟೀಚರ್ ನಿಂತಿದ್ದರು. ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

"ಗೊತ್ತಿದ್ದೇ ಮಾಡಿದೆ," ಎಂದಳು ರೇಡಿಯೊ. "ಅವನಿಗೆ ತಾಗಲಿ ಅಂತಲೇ ಮಾಡಿದೆ."

ಆ ತಾಯಿ ಅವಳ ಕೆನ್ನೆಗೆ ಹೊಡೆದಳು. ತಲೆ ವಾಲಿದ ರಭಸಕ್ಕೆ ಮುರಿದ ಹೆಗಲಿನಲ್ಲಿ ಬೆಂಕಿ ಎದ್ದು ಕಣ್ಣು ಕತ್ತಲಾಯಿತು. "ಅವರು ನಿಮ್ಮ ಬೆರಳು ತೆಗೆದ್ರು, ನೀವು ಅವರ ಕಣ್ಣು ತೆಗೆದ್ರಿ. ಅದು ನಿಮ್ಮಿಬ್ಬರದು," ಎಂದಳು ಅವಳು, ಅಳುತ್ತಾ. "ನನ್ನ ಮಗೂನ ಯಾಕೆ ಸುತ್ತಿಗೆ ಮಾಡ್ಕೊಂಡ್ರಿ?"

  ಆ ತಾಯಿ ಹೋದ ಮೇಲೆ ದೊಡ್ಡ ಟೀಚರ್ ಒಳಗೆ ಬಂದು ಜಾರಿದ್ದ ಕಟ್ಟನ್ನು ಸರಿಮಾಡಿ ಕೂತರು. "ಕೋಣೆ ಬೀಗ ಹಾಕಿಸಿದ್ದೀನಿ," ಎಂದರು. "ನಿನ್ನ ಹೆಗಲಿಗೋಸ್ಕರ ಅಲ್ಲ."

"ಗೊತ್ತು ಮೇಡಂ."

ಮೇಸ್ತ್ರಿಗೆ ಎಂಟು ತಿಂಗಳು ಜೈಲಾಯಿತು. ಮಣಿಕಟ್ಟು ಸರಿಯಾಗಿ ಕೂಡಲಿಲ್ಲ ಎಂದು ಯಾರೋ ಹೇಳಿದರು. ಒಂದು ಕಾಲದಲ್ಲಿ ಅದನ್ನು ಕೇಳಿದ್ದರೆ ಅವಳು ಅವತ್ತು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಈಗ ಹಾಗಾಗಲಿಲ್ಲ. ಅವಳ ಕಣ್ಣಿಗೆ ಬರುತ್ತಿದ್ದದ್ದು ಎತ್ತಿದ ಆ ಎರಡು ಪುಟ್ಟ ಕೈ, ಕೆನ್ನೆಯ ಮೇಲಿನ ಆ ಗೆರೆ. ಹೆಗಲು ಓರೆಯಾಗಿ ಕೂಡಿಕೊಂಡಿತು. ಮೂರು ತಿಂಗಳು ಅವಳು ಒಂದೇ ಕೈಯಲ್ಲಿ ಕಸ ಗುಡಿಸಿದಳು. ಬೀಗ ಹಾಕಿದ ಕೋಣೆಯ ಮುಂದೆ ಮಾತ್ರ ತಲೆ ತಗ್ಗಿಸಿ ಹೋಗುತ್ತಿದ್ದಳು.

ಕೊನೆಗೆ ಬೀಗ ತೆಗೆಸಿದ್ದು ಮಕ್ಕಳು. ಐದನೇ ತರಗತಿಗೆ ಹೋಗಿದ್ದ ಆ ಇಪ್ಪತ್ತೇಳು ಜನ ದೊಡ್ಡ ಟೀಚರ್ ಬಾಗಿಲಲ್ಲಿ ದಿನಾ ಬಂದು ನಿಂತು ಪ್ರಾಣ ತಿಂದರು. "ಇನ್ಮೇಲೆ ನಾನೂ ಪ್ರತಿ ಪಾಠದಲ್ಲಿ ಹಿಂದೆ ಕೂತಿರ್ತೀನಿ," ಎಂದರು ದೊಡ್ಡ ಟೀಚರ್. "ಏನು ಕಲಿಸ್ತೀಯ ಅಂತ ಒಂದು ದಿನ ಮುಂಚೆ ನನಗೆ ಹೇಳಬೇಕು. ಯಾಕೆ ಕಲಿಸ್ತೀಯ ಅಂತಾನೂ."

ಇಪ್ಪತ್ತೆಂಟನೆಯವಳು ಬಂದದ್ದು ಅದಾದ ಎರಡು ವಾರಕ್ಕೆ. ಹತ್ತಿರದಲ್ಲಿ ಬೇರೆ ಶಾಲೆ ಇರಲಿಲ್ಲ. ಅಮ್ಮ ಬಂದು ಬಾಗಿಲವರೆಗೆ ಬಿಟ್ಟು, ರೇಡಿಯೊಳ ಕಡೆ ನೋಡದೆ ಹೋದಳು. ಗುಂಗುರು ಕೊನೆಯ ಬೆಂಚಿನಲ್ಲಿ ಕೂತಳು. ಕೆನ್ನೆಯ ಗೆರೆ ಬೆಳ್ಳಗಾಗಿತ್ತು. ಒಂದು ವಾರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಂಟನೇ ದಿನ ಹಲಗೆ ಕೊಯ್ಯುವ ಕೆಲಸವಿತ್ತು. ಅವಳು ಗರಗಸವನ್ನು ಓರೆಯಾಗಿ ಹಿಡಿದಿದ್ದಳು. ಅದು ಜಾರಿದರೆ ಹೆಬ್ಬೆರಳಿಗೇ. ರೇಡಿಯೊ ಹಿಂದಿನಿಂದ ಬಂದು ಅವಳ ಕೈ ಸರಿಮಾಡಲು ತನ್ನ ಎಡಗೈ ಚಾಚಿದಳು.

ಗುಂಗುರು ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ಮುಟ್ಟಬೇಡಿ," ಎಂದಳು, ಹಲಗೆಯಿಂದ ಕಣ್ಣೆತ್ತದೆ. "ಬಾಯಲ್ಲಿ ಹೇಳಿ."

ರೇಡಿಯೊ ಒಂದು ಹೆಜ್ಜೆ ಹಿಂದೆ ಸರಿದು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಹೆಬ್ಬೆರಳು ಎಲ್ಲಿರಬೇಕು, ಗರಗಸದ ಹಲ್ಲು ಯಾವ ಕಡೆಗಿರಬೇಕು, ಮೊದಲು ಎಷ್ಟು ಮೆಲ್ಲಗೆ ಎಳೆಯಬೇಕು ಎಂದು ಒಂದೊಂದಾಗಿ ಹೇಳತೊಡಗಿದಳು.